ಪಿಕಪ್ ಕೊಳ್ಳಿ, ಶಿಕಾರಿಗಲ್ಲ

ಪ್ರಶ್ನೆ: ನಾನು ದೇವನಹಳ್ಳಿ ತಾಲ್ಲೂಕಿನ ರೈತ, ವಯಸ್ಸು 31. ಕೈಗಾರಿಕಾ ಪ್ರದೇಶಕ್ಕೆಂದು ನಮ್ಮ ಎರಡೂವರೆ ಎಕರೆ ಹೋಯಿತು. ಉಳಿದ ಮೂರು ಎಕರೆಯಲ್ಲಿ ಟೊಮೆಟೊ, ಬೀನ್ಸ್, ಸ್ವಲ್ಪ ಗುಲಾಬಿ ಇದೆ. ಪರಿಹಾರದ ದುಡ್ಡಿನಲ್ಲಿ ಸಾಲ ತೀರಿಸಿ, ತಂಗಿಯ ಮದುವೆ ಮಾಡಿ, ಮನೆ ಕಟ್ಟಿದ ಮೇಲೆ ಬ್ಯಾಂಕಿನಲ್ಲಿ 22 ಲಕ್ಷ ಉಳಿದಿದೆ. ಒಂದು ಪಿಕಪ್ ತೆಗೆದುಕೊಳ್ಳಬೇಕು ಅಂತ ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಸೀಸನ್ನಿನಲ್ಲಿ ವಾರಕ್ಕೆ ಮೂರು ಸಲ ಐವತ್ತು-ಅರವತ್ತು ಬಾಕ್ಸ್ ಟೊಮೆಟೊ ಬಾಡಿಗೆ ಗಾಡಿಯಲ್ಲಿ ಕೋಲಾರದ ಮಂಡಿಗೆ ಹೋಗುತ್ತದೆ. ಹೂವನ್ನು ಬೈಕಿನಲ್ಲೇ ಚಿಕ್ಕಬಳ್ಳಾಪುರಕ್ಕೆ ಒಯ್ಯುತ್ತೇನೆ.

ಜಗಳ ಇರುವುದು ಯಾವ ಗಾಡಿ ಅನ್ನುವುದರಲ್ಲಿ. ನಮ್ಮಪ್ಪ ಬೊಲೆರೊ ಪಿಕಪ್ ಸಾಕು ಅನ್ನುತ್ತಾರೆ. ನನಗೆ ಹೈಲಕ್ಸ್ ಮೇಲೆ ಮನಸ್ಸು. ನಾವು ಐದು ಜನ ಸ್ನೇಹಿತರು. ಒಬ್ಬ ಆಗಲೇ ವಿ-ಕ್ರಾಸ್ ತಂದಿದ್ದಾನೆ. ಅವರೆಲ್ಲ ಆಗಾಗ ರಾತ್ರಿ ತುಮಕೂರು ಕಡೆಯ ಗುಡ್ಡಗಳಿಗೆ ಶಿಕಾರಿಗೆ ಹೋಗುತ್ತಾರೆ. ಹಂದಿ, ಮೊಲ ಅಷ್ಟೇ, ದೊಡ್ಡ ಪ್ರಾಣಿಯ ಸುದ್ದಿಗೆ ಹೋಗುವುದಿಲ್ಲ ಅನ್ನುತ್ತಾರೆ. ಒಬ್ಬನ ಮನೆಯಲ್ಲಿ ತಾತನ ಕಾಲದ ಕೋವಿ ಇದೆ. ನೀನು ದೊಡ್ಡ ಗಾಡಿ ತಗೋ, ಎಲ್ಲರೂ ಒಂದರಲ್ಲೇ ಹೋಗಬಹುದು ಅಂತ ಹಟ ಹಿಡಿದಿದ್ದಾರೆ. ನಾನು ಇನ್ನೂ ಹೋಗಿಲ್ಲ. ನಡುವೆ ಬೊಲೆರೊ ಕ್ಯಾಂಪರ್ ತಗೊಂಡರೆ ಅಪ್ಪನಿಗೂ ಆಯಿತು, ನನಗೂ ಆಯಿತು ಅನ್ನಿಸುತ್ತದೆ. ಈ ಮಾತು ಶುರುವಾದಾಗಿನಿಂದ ಮನೆಯಾಕೆ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ದೊಡ್ಡದು ತೆಗೆದುಕೊಳ್ಳಲಾ, ಮಧ್ಯಮದ್ದಾ?

– ಹೆಸರು ಬೇಡ, ದೇವನಹಳ್ಳಿ ತಾಲ್ಲೂಕು

ಉತ್ತರ: ನೀವು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿ ಹೇಳುತ್ತೇನೆ. ನಿಮ್ಮ ತಂದೆಯವರ ಮಾತು ಸರಿ. ನಿಮ್ಮ ಹೊಲದ ಕೆಲಸಕ್ಕೆ ಒಂದೂಕಾಲು ಟನ್ನಿನ ಆಸುಪಾಸು ಹೊರುವ ಸಿಂಗಲ್ ಕ್ಯಾಬ್ ಪಿಕಪ್ ಬೇಕು. ಶಿಕಾರಿಗೆ ಮಾತ್ರ ದೊಡ್ಡ ಗಾಡಿಯೂ ಬೇಡ, ಮಧ್ಯಮದ್ದೂ ಬೇಡ, ನಿಮ್ಮ ಬೈಕೂ ಬೇಡ. ಈ ಎರಡನೆಯ ಮಾತನ್ನು ಮೊದಲು ಬಿಡಿಸಿ ಹೇಳುತ್ತೇನೆ. ಇದು ಇತ್ಯರ್ಥವಾಗದೆ ಗಾಡಿಯ ಲೆಕ್ಕ ಹಾಕಿ ಪ್ರಯೋಜನವಿಲ್ಲ.

ಹಂದಿ, ಮೊಲ ಅಷ್ಟೇ ಎಂದು ನಿಮ್ಮ ಸ್ನೇಹಿತರು ಹೇಳುವಾಗ ಅದು ಸಣ್ಣ ತಪ್ಪು ಎಂಬ ನಂಬಿಕೆ ಇರುತ್ತದೆ. ತಾತನ ಕಾಲದಲ್ಲಿ ಆ ನಂಬಿಕೆಗೆ ಆಧಾರವೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಪಡೆದು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದು ಶಿಕ್ಷೆಯನ್ನು ಇನ್ನೂ ಬಿಗಿಗೊಳಿಸಿತು. ಈಗ ಕಾಡುಹಂದಿ, ಮೊಲ, ಗೌಜಲಹಕ್ಕಿ ಎಲ್ಲವೂ ಕಾಯ್ದೆಯ ಪಟ್ಟಿಯೊಳಗೇ ಇವೆ. ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಚಿರತೆ, ಕೃಷ್ಣಮೃಗ, ನವಿಲು, ಚಿಪ್ಪುಹಂದಿ, ಕಾಡುಪಾಪದಂಥ ಮೊದಲನೇ ಪಟ್ಟಿಯ ಜೀವಿಗಳಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ಜೊತೆಗೆ ಕನಿಷ್ಠ 25 ಸಾವಿರ ದಂಡ.

ದೊಡ್ಡ ಪ್ರಾಣಿಯ ಸುದ್ದಿಗೆ ಹೋಗುವುದಿಲ್ಲ ಎಂಬ ಮಾತನ್ನು ಕತ್ತಲಲ್ಲಿ ಯಾರೂ ಉಳಿಸಿಕೊಳ್ಳಲಾರರು. ನೆಲಮಂಗಲ, ಶಿವಗಂಗೆ, ದೇವರಾಯನದುರ್ಗದ ಆ ಗುಡ್ಡಸಾಲು ಚಿರತೆಗಳು ಓಡಾಡುವ ಜಾಗ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಸಿಕ್ಕಿ ಒದ್ದಾಡಿ ಸಾಯುವುದು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ನಡೆದಿದೆ. ಪೊದೆಯಲ್ಲಿ ಹೊಳೆದ ಕಣ್ಣು ಯಾವ ಪ್ರಾಣಿಯದು, ಅದು ಪ್ರಾಣಿಯದೋ ಹೊಲ ಕಾಯುತ್ತಿರುವ ಮನುಷ್ಯನ ಟಾರ್ಚಿನದೋ ಎಂದು ತಿಳಿಯುವ ಮೊದಲೇ ಕೋವಿ ಹಾರಿರುತ್ತದೆ.

ನಿಮ್ಮ ಮಟ್ಟಿಗೆ ಇನ್ನೂ ಮುಖ್ಯವಾದ ವಿಷಯವಿದೆ. ನಾನು ಗಾಡಿ ಮಾತ್ರ ಓಡಿಸಿದೆ, ಕೋವಿ ಮುಟ್ಟಲಿಲ್ಲ ಎಂದರೆ ಕಾನೂನು ಒಪ್ಪುವುದಿಲ್ಲ. ಕೊಲ್ಲುವುದಷ್ಟೇ ಅಲ್ಲ, ಪ್ರಾಣಿಯನ್ನು ಅಟ್ಟುವುದು, ಆಮಿಷ ಇಡುವುದು, ಉರುಳು ಹಾಕುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವನ್ನೂ ಕಾಯ್ದೆ ಬೇಟೆ ಎಂದೇ ಕರೆಯುತ್ತದೆ. ಕುಮ್ಮಕ್ಕು ಕೊಟ್ಟವನಿಗೂ ಅಪರಾಧ ಮಾಡಿದವನಷ್ಟೇ ಶಿಕ್ಷೆ. ಹೆಡ್‌ಲೈಟ್ ಬಿಟ್ಟು ಪ್ರಾಣಿಯನ್ನು ದಾರಿಗೆ ತಂದ ಚಾಲಕ ಬೇಟೆಗಾರನೇ. ತಾತನ ಕೋವಿಯ ಲೈಸೆನ್ಸ್ ಮೊಮ್ಮಗನ ಹೆಸರಿಗೆ ಆಗಿಲ್ಲದಿದ್ದರೆ 1959ರ ಆಯುಧ ಕಾಯ್ದೆಯ ಪ್ರಕರಣ ಬೇರೆ ಬೀಳುತ್ತದೆ.

ಇಷ್ಟರ ಮೇಲೆ ಗಾಡಿಯ ಗತಿ. ಬೇಟೆಗೆ ಬಳಸಿದ ವಾಹನವನ್ನು ಅಧಿಕಾರಿಗಳು ಅಲ್ಲೇ ಜಪ್ತಿ ಮಾಡಬಹುದು. ಅಪರಾಧ ಸಾಬೀತಾದರೆ ನ್ಯಾಯಾಲಯ ಅದನ್ನು ಸರ್ಕಾರದ ಪಾಲಿಗೆ ಒಪ್ಪಿಸಬಹುದು. ವಿಚಾರಣೆ ಮುಗಿಯುವ ಮೊದಲು ಗಾಡಿ ಬಿಡಿಸಿಕೊಳ್ಳಲು ಅರ್ಜಿ ಹಾಕಬಹುದು, ಆದರೆ ಅದಕ್ಕೆ ವಕೀಲರು, ಬಾಂಡು, ಅಲೆದಾಟ ಎಲ್ಲ ಬೇಕು. ಜೋಧಪುರದಲ್ಲಿ ಹಿಂದಿ ಚಿತ್ರನಟರೊಬ್ಬರ ಮೇಲೆ 1998ರಲ್ಲಿ ದಾಖಲಾದ ಕೃಷ್ಣಮೃಗ ಬೇಟೆಯ ಪ್ರಕರಣದಲ್ಲಿ ಕೆಳ ನ್ಯಾಯಾಲಯದ ತೀರ್ಪು ಬಂದದ್ದು 2018ರಲ್ಲಿ. ಹಣಬಲ ಇದ್ದವರೇ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದರು. ಮೂರು ಎಕರೆ ರೈತ ಸ್ಟೇಷನ್ನು, ಕೋರ್ಟು ಅಂತ ತಿರುಗಿದರೆ ಟೊಮೆಟೊ ಕೀಳುವವರು ಯಾರು? ಗಾಡಿ ಅರಣ್ಯ ಇಲಾಖೆಯ ಆವರಣದಲ್ಲಿ ನಿಂತಿದ್ದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಜಪ್ತಿಯಾದ ಗಾಡಿಗೆ ವಿಮೆಯವರು ಹಣ ಕೊಡುವುದಿಲ್ಲ.

ಹಂದಿ ಬೆಳೆ ತಿನ್ನುತ್ತದಲ್ಲ ಎಂದು ನಿಮ್ಮ ಸ್ನೇಹಿತರು ಕೇಳಿದರೆ, ಆ ಕಷ್ಟ ನಿಜ ಎಂದು ನಾನೂ ಒಪ್ಪುತ್ತೇನೆ. ಒಂದೇ ರಾತ್ರಿಯಲ್ಲಿ ರಾಗಿ ಹೊಲ, ಜೋಳದ ಹೊಲ ಉತ್ತು ಹಾಕಿದ ಹಾಗಾಗುವುದನ್ನು ನೋಡಿದ ರೈತನ ಸಂಕಟ ದೊಡ್ಡದು. ಆದರೆ ಅದಕ್ಕೆ ದಾರಿ ಬೇರೆ ಇದೆ. ಹಾನಿಯಾದ ಕೂಡಲೇ ಫೋಟೊ ತೆಗೆದು ವಲಯ ಅರಣ್ಯಾಧಿಕಾರಿಯ ಕಚೇರಿಗೆ ದೂರು ಕೊಡಿ, ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಅರ್ಜಿ ಹಾಕಿಸಿ. ಬೆಳೆಗೆ ಮಿತಿಮೀರಿ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲಿ ಲಿಖಿತ ಆದೇಶ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಅವರು ನೇಮಿಸಿದ ಅಧಿಕಾರಿಗೆ ಇದೆ. ಅದು ಅವರ ಕೈಯಲ್ಲಿರುವ ಅಧಿಕಾರ. ದೇವನಹಳ್ಳಿಯಿಂದ ಐದು ಜನ ಗಾಡಿ ಹತ್ತಿ ಇನ್ನೊಂದು ಜಿಲ್ಲೆಯ ಗುಡ್ಡಕ್ಕೆ ಹೋಗುವುದಕ್ಕೂ ಬೆಳೆ ಉಳಿಸುವುದಕ್ಕೂ ಸಂಬಂಧವಿಲ್ಲ.

ಇನ್ನು ಗಾಡಿಯ ವಿಚಾರ. ಶಿಕಾರಿಗೆ ಭಾರಿ ಪಿಕಪ್ ಎಂಬ ಕಲ್ಪನೆ ಬಹುಪಾಲು ಅಮೆರಿಕದ ವಿಡಿಯೊಗಳಿಂದ ಬಂದದ್ದು. ಅಲ್ಲಿ ಋತುವಿಗೆ ತಕ್ಕಂತೆ ಬೇಟೆಗೆ ಲೈಸೆನ್ಸ್ ಕೊಡುತ್ತಾರೆ. ನೂರಾರು ಕಿಲೊ ತೂಗುವ ಎಲ್ಕ್ ಕಡವೆಯನ್ನು ಹೊತ್ತು ತರಬೇಕು, ಹಿಂದೆ ದೊಡ್ಡ ಟ್ರೈಲರ್ ಎಳೆಯಬೇಕು, ಹಿಮದಲ್ಲಿ ಹೋಗಬೇಕು. ಹಾಗಾಗಿ ಅಲ್ಲಿ ಫೋರ್ಡ್ ಎಫ್-250, ರ‍್ಯಾಮ್ 2500ನಂಥ ಭಾರಿ ಗಾಡಿಗಳಿವೆ. ಅವನ್ನು ಇಲ್ಲಿ ಕಂಪನಿಗಳು ಮಾರುವುದಿಲ್ಲ. ನೀವು ದೊಡ್ಡದು ಎನ್ನುವ ಹೈಲಕ್ಸ್, ನಿಮ್ಮ ಸ್ನೇಹಿತನ ವಿ-ಕ್ರಾಸ್ ಎರಡೂ ಅಲ್ಲಿಯ ಲೆಕ್ಕದಲ್ಲಿ ಮಧ್ಯಮ ಗಾತ್ರದವೇ.

ಹೈಲಕ್ಸ್ ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ. 2.8 ಲೀಟರ್ ಡೀಸೆಲ್ ಎಂಜಿನ್, 204 ಅಶ್ವಶಕ್ತಿ, ಫೋರ್ ಬೈ ಫೋರ್. ವಿ-ಕ್ರಾಸ್‌ನದು 1.9 ಲೀಟರ್ ಎಂಜಿನ್, 163 ಅಶ್ವಶಕ್ತಿ. ಮರಳು, ಕೆಸರು, ಕಲ್ಲುಬಂಡೆ ಯಾವುದಕ್ಕೂ ಇವು ಹೆದರುವುದಿಲ್ಲ. ಆದರೆ ನಿಮಗೆ ಬೇಕಾದದ್ದು ಬಾಕ್ಸ್ ಹೊರುವ ಜಾಗ. ಹೈಲಕ್ಸ್‌ನ ಒಟ್ಟು ಉದ್ದ ಸುಮಾರು ಹದಿನೇಳೂವರೆ ಅಡಿ, ಅದರಲ್ಲಿ ಲೋಡಿಗೆ ಸಿಗುವುದು ಐದು ಅಡಿ. ಕೋಲಾರ ಮಂಡಿಯ ಟೊಮೆಟೊ ಬಾಕ್ಸ್ 15 ಕೆ.ಜಿ. ಅರವತ್ತು ಬಾಕ್ಸಿಗೆ ಹಣ್ಣಿನ ತೂಕವೇ 900 ಕೆ.ಜಿ., ಖಾಲಿ ಬಾಕ್ಸಿನ ತೂಕ ಸೇರಿ ಒಂದು ಟನ್ನಿನ ಹತ್ತಿರ ಬರುತ್ತದೆ. ಐದು ಅಡಿ ಜಾಗದಲ್ಲಿ ಇಷ್ಟನ್ನು ಜೋಡಿಸಲು ಹೋದರೆ ಐದಾರು ಬಾಕ್ಸ್ ಒಂದರ ಮೇಲೊಂದು ಏರುತ್ತದೆ. ಹಗ್ಗ ಎಷ್ಟು ಬಿಗಿದರೂ ತಿರುವಿನಲ್ಲಿ ವಾಲುತ್ತದೆ. ಎರಡು ಟ್ರಿಪ್ ಮಾಡಿದರೆ ಡೀಸೆಲ್ಲಿಗೇ ಲಾಭ ಹೋಯಿತು, ಎರಡನೇ ಲೋಡ್ ಬರುವಷ್ಟರಲ್ಲಿ ಹರಾಜೂ ಮುಗಿದಿರುತ್ತದೆ.

ಬೊಲೆರೊ ಕ್ಯಾಂಪರ್‌ಗೂ ಇದೇ ತೊಡಕು. ಐದು ಜನ ಕೂರಬಹುದು, ಒಂದು ಟನ್ ಹೊರುತ್ತದೆ, ಫೋರ್ ವೀಲ್ ಡ್ರೈವ್ ಕೂಡ ಸಿಗುತ್ತದೆ. ಬೆಲೆಯೂ ಹೈಲಕ್ಸ್‌ನ ಮೂರನೇ ಒಂದು ಭಾಗದಷ್ಟು. ತೋಟದ ಕೆಲಸಕ್ಕೆ ಆಳುಗಳನ್ನೂ ಗೊಬ್ಬರವನ್ನೂ ಒಟ್ಟಿಗೆ ಒಯ್ಯುವವರಿಗೆ, ಹೂವಿನಂಥ ಹಗುರ ಲೋಡ್ ಇರುವವರಿಗೆ ಅದು ತಕ್ಕ ಗಾಡಿ. ನಿಮ್ಮ ಲೋಡ್ ಮೂವತ್ತು ಬಾಕ್ಸಿನೊಳಗೆ ಇದ್ದಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ. ಕ್ಯಾಂಪರ್ ತೂಕ ತಡೆದರೂ ಹಿಂದಿನ ಬಾಡಿ ಗಿಡ್ಡ. ಅಪ್ಪನಿಗೂ ಆಯಿತು, ನನಗೂ ಆಯಿತು ಎಂದು ತಂದ ಗಾಡಿ ಸೀಸನ್ನಿನಲ್ಲಿ ಇಬ್ಬರಿಗೂ ಸಾಲದೆ, ಮತ್ತೆ ಬಾಡಿಗೆ ಗಾಡಿ ಕರೆಯುವ ಹಾಗಾಗುತ್ತದೆ.

ಸಿಂಗಲ್ ಕ್ಯಾಬ್ ಬೊಲೆರೊ ಪಿಕಪ್ಪಿನಲ್ಲಿ ಲೋಡಿಗೆ ಎಂಟು ಅಡಿಗೂ ಹೆಚ್ಚು ಉದ್ದ ಸಿಗುತ್ತದೆ. ಅರವತ್ತು ಬಾಕ್ಸ್ ಮೂರು-ನಾಲ್ಕು ಸಾಲಿನ ಎತ್ತರದಲ್ಲಿ ಕೂರುತ್ತದೆ. ಟಾಟಾ ಇಂಟ್ರಾ ವಿ30 ಹೊರುವುದು 1,300 ಕೆ.ಜಿ., ವಿ50 ಹೊರುವುದು 1,500. ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್ ಕೂಡ ಇದೇ ಸಾಲಿನವು. ಟಾಟಾ ಏಸ್ ಅಗ್ಗವಾದರೂ 750 ಕೆ.ಜಿ. ಆಸುಪಾಸಿನ ಗಾಡಿ, ನಿಮಗೆ ಚಿಕ್ಕದು. ಯಾವ ಗಾಡಿಗೆ ನಿಮ್ಮೂರಿನ ಹತ್ತಿರ ಒಳ್ಳೆಯ ಮೆಕ್ಯಾನಿಕ್ ಇದ್ದಾನೆ, ಯಾವುದರ ಬಿಡಿಭಾಗ ವಿಜಯಪುರದಲ್ಲೋ ದೊಡ್ಡಬಳ್ಳಾಪುರದಲ್ಲೋ ಅಂದೇ ಸಿಗುತ್ತದೆ ಎಂದು ಅದೇ ಗಾಡಿ ಇಟ್ಟಿರುವ ಇಬ್ಬರನ್ನು ಕೇಳಿ. ಹಣ್ಣು ಕಿತ್ತಿಟ್ಟ ದಿನ ಗಾಡಿ ಕೆಟ್ಟರೆ ಅಂದಿನ ರೇಟು ನಾಳೆಗೆ ಕಾಯುವುದಿಲ್ಲ. ಫೋರ್ ವೀಲ್ ಡ್ರೈವ್‌ಗೆ ಹೆಚ್ಚು ದುಡ್ಡು ಕೊಡಬೇಡಿ. ಮಳೆಗಾಲದಲ್ಲಿ ಹೊಲದ ಬದಿಯಲ್ಲಿ ಸಿಕ್ಕಿಬಿದ್ದರೂ ನಿಮ್ಮ ಕಡೆ ಎಳೆಯಲು ಟ್ರ್ಯಾಕ್ಟರ್ ಇದ್ದೇ ಇರುತ್ತದೆ, ಉಳಿದ ದಾರಿಯೆಲ್ಲ ಡಾಂಬರು.

ಕಾಗದಪತ್ರದ ವಿಷಯದಲ್ಲಿ ನಾಲ್ಕು ಮಾತು. ಆರ್‌ಸಿಯಲ್ಲಿ ಗಾಡಿ ಮತ್ತು ಲೋಡ್ ಸೇರಿದ ಒಟ್ಟು ತೂಕ 3,000 ಕೆ.ಜಿ. ಮೀರದಿದ್ದರೆ ಸರಕು ಪರ್ಮಿಟ್ ಬೇಕಾಗಿಲ್ಲ. ಮೀರಿದರೆ ಬೇಕು. 1.3 ಟನ್ ಮಾದರಿಗೂ 1.7 ಟನ್ ಮಾದರಿಗೂ ನಡುವೆ ತೂಗುವಾಗ ಇದನ್ನು ನೋಡಿಕೊಳ್ಳಿ. ನಿಮ್ಮ ಬಳಿ ಎಲ್‌ಎಂವಿ ಲೈಸೆನ್ಸ್ ಇದ್ದರೆ ಸಾಕು. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ವಾಹನವನ್ನು ಅದೇ ಲೈಸೆನ್ಸಿನಲ್ಲಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಹಳದಿ ಬೋರ್ಡ್ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಹಿಂದಿನ ಬಾಡಿಯಲ್ಲಿ ಮಾತ್ರ ಜನರನ್ನು ಕೂರಿಸಲೇಬೇಡಿ. ಕೂಲಿಯವರಾಗಲಿ, ಜಾತ್ರೆಗೆ ಹೊರಟ ನೆಂಟರಾಗಲಿ, ಗಾಡಿ ಮಗುಚಿದರೆ ಅಲ್ಲಿ ಸುಮ್ಮನೆ ಪ್ರಯಾಣಿಸುತ್ತಿದ್ದವರಿಗೆ ವಿಮೆ ಸಿಗುವುದಿಲ್ಲ. ಪ್ರಾಣ ಹೋದ ಮನೆಗೂ ಪರಿಹಾರ ಕೊಡಬೇಕಾದ ಮನೆಗೂ ಅದು ಕೊನೆಯಿಲ್ಲದ ಸಂಕಟ.

ಈಗ ದುಡ್ಡಿನ ಲೆಕ್ಕ. ಹೈಲಕ್ಸ್ ಮೂವತ್ತು ಲಕ್ಷದ ಆಸುಪಾಸಿನ ಗಾಡಿ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಖಾಸಗಿ ವಾಹನಕ್ಕೆ ಜೀವಾವಧಿ ತೆರಿಗೆಯೇ ಶೇ. 18, ಅದರ ಮೇಲೆ ಸೆಸ್. ತೆರಿಗೆ ಒಂದೇ ಐದು ಲಕ್ಷ ದಾಟುತ್ತದೆ, ವಿಮೆ ಬೇರೆ. ನಿಮ್ಮ 22 ಲಕ್ಷವನ್ನು ಪೂರ್ತಿ ಸುರಿದರೂ ಸಾಲ ಬೇಕು. ನೀವು ಇಪ್ಪತ್ತು ಲಕ್ಷ ಕೊಟ್ಟು 15 ಲಕ್ಷ ಸಾಲ ಮಾಡಿದಿರಿ, ಬಡ್ಡಿ ಶೇ. 9.5, ಅವಧಿ ಐದು ವರ್ಷ ಎಂದಿಟ್ಟುಕೊಳ್ಳಿ. ಕಂತು ತಿಂಗಳಿಗೆ ಸುಮಾರು 31,500 ರೂಪಾಯಿ. ಕೊನೆಗೆ ಕಟ್ಟಿದ್ದು 18.9 ಲಕ್ಷ. ಟೊಮೆಟೊ ಬಾಕ್ಸಿಗೆ ನೂರು ರೂಪಾಯಿಯೂ ಸಿಗದ ತಿಂಗಳಿನಲ್ಲೂ ಆ 31,500 ಕಟ್ಟಲೇಬೇಕು. ಪಿಕಪ್ಪಾದರೆ ಹತ್ತು ಲಕ್ಷದ ಆಚೀಚೆ ಮುಗಿಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸರಕು ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಸಾಲವಿಲ್ಲದೆ ಕೊಂಡರೂ ನಿಮ್ಮ ಕೈಯಲ್ಲಿ ಹನ್ನೆರಡು ಲಕ್ಷದ ಹತ್ತಿರ ಉಳಿಯುತ್ತದೆ. ಇಷ್ಟು ದಿನ ಬಾಡಿಗೆಗೆ ಹೋಗುತ್ತಿದ್ದ ದುಡ್ಡು ಮನೆಯಲ್ಲೇ ನಿಲ್ಲುತ್ತದೆ.

ಉಳಿಯುವ ಆ ಹನ್ನೆರಡು ಲಕ್ಷದ ಬಗ್ಗೆ ನನಗೆ ನಿಮಗಿಂತ ಹೆಚ್ಚು ಕಾಳಜಿ ಇದೆ ಎಂದರೆ ಬೇಸರಪಡಬೇಡಿ. ಅದು ಎರಡೂವರೆ ಎಕರೆಯಲ್ಲಿ ಉಳಿದ ಕೊನೆಯ ಪಾಲು. ನಿಮ್ಮದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಉಳಿಸಿಕೊಳ್ಳಲು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಭೂಮಿ ಹೋದ ಮೇಲೆ ದುಡ್ಡು ಎಷ್ಟು ಬೇಗ ಕರಗುತ್ತದೆ ಎಂಬುದನ್ನು ಏರ್‌ಪೋರ್ಟ್ ಸುತ್ತಿನ ಊರುಗಳಲ್ಲಿ ಕಂಡವರೇ ಅಷ್ಟು ಗಟ್ಟಿಯಾಗಿ ನಿಂತದ್ದು. ನಿಮಗೆ ಹೋದ ಭೂಮಿ ವಾಪಸ್ ಬರುವುದಿಲ್ಲ. ಅದರ ದುಡ್ಡು ಮತ್ತೆ ದುಡಿಯುವ ಹಾಗೆ ಮಾಡುವುದು ನಿಮ್ಮ ಕೈಯಲ್ಲಿದೆ. ಉಳಿದ ಮೂರು ಎಕರೆಗೆ ಹನಿ ನೀರಾವರಿ, ಗುಲಾಬಿಗೆ ಒಂದು ನೆರಳುಮನೆ, ಕೃಷಿಹೊಂಡ, ಬ್ಯಾಂಕಿನಲ್ಲಿ ಒಂದಷ್ಟು ಠೇವಣಿ, ಇವುಗಳಲ್ಲಿ ಯಾವುದು ಮೊದಲು ಎಂದು ಮನೆಯವರೆಲ್ಲ ಕೂತು ಮಾತಾಡಿ.

ಹೈಲಕ್ಸ್ ಆಸೆಯನ್ನು ನಾನು ಕಡೆಗಣಿಸುತ್ತಿಲ್ಲ. ಸುತ್ತ ಎಲ್ಲರೂ ದೊಡ್ಡ ಗಾಡಿಯಲ್ಲಿ ಬರುವಾಗ ತಾನೊಬ್ಬ ಮಾತ್ರ ಟೊಮೆಟೊ ಗಾಡಿಯಲ್ಲಿ ಇಳಿಯುವುದು ಮೂವತ್ತೊಂದರ ವಯಸ್ಸಿನಲ್ಲಿ ಸುಲಭವಲ್ಲ. ಆದರೆ ನಿಮ್ಮ ಐವರಲ್ಲಿ ಇವತ್ತಿಗೂ ಬೇಸಾಯದಿಂದಲೇ ಮನೆ ನಡೆಸುತ್ತಿರುವವರು ಎಷ್ಟು ಜನ ಎಂದು ಯೋಚಿಸಿ. ನೀವು ಅವರಲ್ಲೊಬ್ಬರು. ಅದು ಹೆಮ್ಮೆಪಡುವ ಸಂಗತಿ.

ಸ್ನೇಹಿತರ ಜೊತೆ ರಾತ್ರಿ ಊರು ಬಿಟ್ಟು ಹೋಗುವ, ಕಾಡಿನ ಅಂಚಿನಲ್ಲಿ ಕೂತು ಕಥೆ ಹೇಳುವ ಸುಖವನ್ನೂ ಬಿಡಬೇಕಾಗಿಲ್ಲ. ಶಿಕಾರಿಯ ಕಥೆಗೆ ನಮ್ಮ ಸೀಮೆಯಲ್ಲಿ ದೊಡ್ಡ ಹೆಸರು ಬೆಂಗಳೂರಿನ ಕೆನೆತ್ ಆಂಡರ್ಸನ್. ಅವರು ಕಾಡಿಗೆ ಹೋಗುತ್ತಿದ್ದದ್ದು ತಮ್ಮ ಸ್ಟುಡಿಬೇಕರ್ ಕಾರಿನಲ್ಲಿ. ಅವರ ಕಥೆಗಳನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರೂ ಕೋವಿ ಹಿಡಿದು ಕಾಡು ಅಲೆದವರೇ. ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದರು. ನಿಮ್ಮ ಗುಂಪಿಗೂ ಆ ದಾರಿ ತೆರೆದಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಬಯಲಿನಲ್ಲಿ ಕೃಷ್ಣಮೃಗದ ಹಿಂಡು ನೆಗೆದು ಓಡುವುದನ್ನು ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ. ಹೊಸಕೋಟೆ ಕೆರೆಯಲ್ಲಿ ಚಳಿಗಾಲದ ಹಕ್ಕಿಗಳಿವೆ, ಹೆಸರಘಟ್ಟದಲ್ಲಿ ಹುಲ್ಲುಗಾವಲಿದೆ, ದೊಡ್ಡಬಳ್ಳಾಪುರದ ಪಕ್ಕದಲ್ಲೇ ಮಾಕಳಿದುರ್ಗದ ಚಾರಣವಿದೆ. ಬಂಡೀಪುರಕ್ಕೂ ಕಬಿನಿಗೂ ಹೋಗಬೇಕೆನಿಸಿದರೆ ಐದು ಜನ ಸೇರಿ ಒಂದು ಕಾರು ಬಾಡಿಗೆಗೆ ಹಿಡಿಯಿರಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ, ಹೊರಡುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ. ವರ್ಷಕ್ಕೆ ನಾಲ್ಕೈದು ಸಲ ಹೀಗೆ ಹೋದರೂ ಆಗುವ ಖರ್ಚು ಹೈಲಕ್ಸ್‌ನ ಕೆಲವು ತಿಂಗಳ ಕಂತಿನಷ್ಟೇ.

ಸ್ನೇಹಿತರಿಗೆ ಏನು ಹೇಳುವುದು ಎಂಬ ಅಳುಕು ನಿಮಗಿದೆ ಎಂದುಕೊಂಡಿದ್ದೇನೆ. ಸುತ್ತುಬಳಸು ಬೇಡ. ‘ನನ್ನ ಗಾಡಿ ಶಿಕಾರಿಗೆ ಬರಲ್ಲ ಕಣ್ರೋ, ನಾನೂ ಬರಲ್ಲ. ಸಿಕ್ಕಿಬಿದ್ರೆ ನಮ್ಮನೆ ಮುಳುಗುತ್ತೆ. ನೀವೂ ಬಿಡಿ’ ಎಂದು ಒಂದೇ ಸಲ ಹೇಳಿ. ಗಾಡಿ ಬಂದ ಮೇಲೆ ಒಂದು ರಾತ್ರಿಗೆ ಕೀ ಕೊಡು ಎಂದು ಕೇಳಿದರೂ ಕೊಡಬೇಡಿ. ಆರ್‌ಸಿಯಲ್ಲಿ ಇರುವುದು ನಿಮ್ಮ ಹೆಸರು. ನಿಜವಾದ ಸ್ನೇಹಿತರು ನಾಲ್ಕು ದಿನ ರೇಗಿಸಿ ಸುಮ್ಮನಾಗುತ್ತಾರೆ. ಆ ನಾಲ್ವರಲ್ಲಿ ಒಬ್ಬನಾದರೂ, ಯಾರಾದರೂ ಬೇಡ ಅಂದರೆ ಸಾಕು ಎಂದು ಒಳಗೊಳಗೇ ಕಾಯುತ್ತಿರಬಹುದು.

ನಿಮ್ಮ ಮನೆಯಾಕೆಯ ಮೌನಕ್ಕೆ ದುಡ್ಡಿಗಿಂತ ಈ ಶಿಕಾರಿಯ ಮಾತೇ ಕಾರಣ ಎಂದು ನನಗನ್ನಿಸುತ್ತದೆ. ಗಂಡ ಕೋವಿ ಇರುವ ಗಾಡಿಯಲ್ಲಿ ಕತ್ತಲಿಗೆ ಹೋಗುತ್ತಾನೆ ಎಂಬ ಭಯವನ್ನು ಎಲ್ಲರೂ ಮಾತಿನಲ್ಲಿ ಹೇಳುವುದಿಲ್ಲ. ಶಿಕಾರಿಗೆ ಹೋಗುವುದಿಲ್ಲ ಎಂದು ಅವರಿಗೆ ಇವತ್ತೇ ಹೇಳಿ. ಗಾಡಿಯ ಮಾತನ್ನು ಅದಾದ ಮೇಲೆ ಎತ್ತಿ. ಕಳೆದ ಸೀಸನ್ನಿನ ಮಂಡಿ ಚೀಟಿ, ಬಾಡಿಗೆ ಚೀಟಿಗಳನ್ನೆಲ್ಲ ತೆಗೆದು ಅಪ್ಪ, ಮನೆಯವರು, ನೀವು ಮೂವರೂ ಕೂತು ಎಷ್ಟು ಲೋಡ್ ಹೋಯಿತು, ಬಾಡಿಗೆಗೆ ಎಷ್ಟು ಕೊಟ್ಟಿರಿ ಎಂದು ಕೂಡಿಸಿ. ಆಮೇಲೆ ಅಪ್ಪನನ್ನೂ ಕರೆದುಕೊಂಡು ಎರಡು ಶೋರೂಂಗೆ ಹೋಗಿ, ತೋರಿಸಲು ಇಟ್ಟಿರುವ ಗಾಡಿಯಲ್ಲಿ ನಿಮ್ಮ ಬಾಕ್ಸ್ ಒಂದನ್ನು ಇಟ್ಟು, ಒಂದು ಸಾಲಿಗೆ ಎಷ್ಟು ಕೂರುತ್ತದೆ ಎಂದು ಅಳೆದು ನೋಡಿ. ಅರವತ್ತು ಬಾಕ್ಸ್ ಹಗುರವಾಗಿ ಹೊರುವ ಗಾಡಿಗೆ, ಸಾಲವಿಲ್ಲದೆ, ಬುಕ್ಕಿಂಗ್ ಕೊಡಿ.